ಗಿಟಾರ್ ಪೆಡಲ್‌ಗೆ ಕರೆಂಟು, ಮತ್ತು ಆ ಮೂರನೇ ಪಿನ್ನು
ಗಣೇಶನ ಹಬ್ಬ ಬಂತೆಂದರೆ ನಮ್ಮ ರಸಮಂಜರಿ ತಂಡಕ್ಕೆ ಬಿಡುವಿಲ್ಲ. ಪ್ರತಿ ವರ್ಷ ತಕರಾರು ಬರುವುದು ಗಿಟಾರಿನಿಂದ. ಹಾಡು ನಿಂತ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು.

ಗಿಟಾರ್ ಬಾರಿಸುವವನ ಕಾಲಬುಡದಲ್ಲಿ ಹಲಗೆ ಮೇಲೆ ಸಾಲಾಗಿ ಕೂತ ಡಬ್ಬಿಗಳೇ ಪೆಡಲ್. ಒಂದು ದನಿಯನ್ನು ಒರಟು ಮಾಡುತ್ತದೆ, ಇನ್ನೊಂದು ಮಾರ್ದನಿ ಕೊಡುತ್ತದೆ. ಹೆಚ್ಚಿನವಕ್ಕೆ 9 ವೋಲ್ಟ್ ಡಿಸಿ ಬೇಕು, ಪಿನ್ನಿನ ನಡುವೆ ಮೈನಸ್. ಮನೆಯ ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟ್, ನಡುವೆ ಪ್ಲಸ್. ತೂತು ಸರಿಹೊಂದಿತು ಅಂತ ಸಿಕ್ಕಿಸಿದರೆ ಪೆಡಲ್ ಸುಡಬಹುದು.

ಮಿಲಿಆಂಪಿಯರ್ ಬಗ್ಗೆ ಮಾತ್ರ ಹೆದರಿಕೆ ಬೇಡ. ಗೋಡೆಯ ಪ್ಲಗ್ 6 ಆಂಪಿಯರ್ ಇದ್ದರೂ 9 ವ್ಯಾಟ್ ಬಲ್ಬು ತನಗೆ ಬೇಕಾದಷ್ಟನ್ನೇ ಎಳೆಯುತ್ತದಲ್ಲ, ಹಾಗೆ. ಕಡಿಮೆಯಾಗಬಾರದು, ಅಷ್ಟೆ. ಹಳೇ ಮಾದರಿಯ ಡಿಸ್ಟಾರ್ಷನ್‌ಗೆ 10-20 ಮಿಲಿಆಂಪಿಯರ್ ಸಾಕು. ದೊಡ್ಡ ಡಿಜಿಟಲ್ ಪೆಡಲ್ 300 ಕೇಳಿದರೂ ಕೇಳಿತು.

ಇನ್ನು ಗುಂಯ್ ಸದ್ದು. ನಮ್ಮ ಕಡೆ ಒಂದೇ ಅಡಾಪ್ಟರಿನಿಂದ ಕವಲು ತಂತಿ ಎಳೆದು ಐದಾರು ಪೆಡಲ್‌ಗೆ ಕೊಡುತ್ತಾರೆ. ಒಂದೇ ಪೈಪ್‌ಲೈನಿನಲ್ಲಿ ಕೆಳಗಿನ ಮನೆಯವರು ನಲ್ಲಿ ತಿರುಗಿಸಿದರೆ ಮೇಲಿನ ಮನೆಯಲ್ಲಿ ನೀರು ತೊದಲುತ್ತದೆ. ಇಲ್ಲೂ ಡಿಜಿಟಲ್ ಪೆಡಲಿನ ಗಲಾಟೆ ಉಳಿದವಕ್ಕೂ ಹರಡುತ್ತದೆ. ಇದಕ್ಕೆ ಮದ್ದು ಐಸೊಲೇಟೆಡ್ ಪವರ್ ಸಪ್ಲೈ. ಅದರಲ್ಲಿ ಒಂದೊಂದು ಔಟ್‌ಪುಟ್ಟೂ ಬೇರೆ ಬೇರೆ. ಡಬ್ಬಿ ಮೇಲೆ ಬರೆದದ್ದನ್ನು ನಂಬಬೇಡಿ. ಕರೆಂಟು ಕೊಡದೆ, ಏನೂ ಸಿಕ್ಕಿಸದೆ, ಎರಡು ಔಟ್‌ಪುಟ್‌ಗಳ ಮೈನಸ್ ನಡುವೆ ಮಲ್ಟಿಮೀಟರ್ ಇಡಿ. ಬೀಪ್ ಅಂದರೆ ಅದು ಐಸೊಲೇಟೆಡ್ ಅಲ್ಲ.

ಆದರೆ ಊರ ಸ್ಟೇಜಿನಲ್ಲಿ ಇದಕ್ಕಿಂತ ಅಗ್ಗದ ಮದ್ದೊಂದು ಚಾಲ್ತಿಯಲ್ಲಿದೆ. ಆಂಪ್ಲಿಫೈಯರ್ ಪ್ಲಗ್ಗಿನ ಮೂರನೇ ಪಿನ್ನನ್ನು, ಅಂದರೆ ಅರ್ಥಿಂಗ್ ಪಿನ್ನನ್ನು, ಕಿತ್ತುಬಿಡುವುದು. ಸದ್ದು ನಿಲ್ಲುವುದೂ ಉಂಟು. ಅದೇ ಅಪಾಯ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರಿನ ಲೋಹದ ಮೈಗೆ ಸೇರಿರುತ್ತವೆ. ಅರ್ಥಿಂಗ್ ಇಲ್ಲದಾಗ ಒಳಗೆ ವೈರು ಬಿಚ್ಚಿಕೊಂಡರೆ 230 ವೋಲ್ಟ್ ನೇರ ತಂತಿಗೇ ಬರುತ್ತದೆ. ಹಾಡಲು ಮೈಕಿಗೆ ತುಟಿ ತಾಗಿಸಿದ ಕ್ಷಣ ಕೈಯಿಂದ ಬಾಯಿಗೆ ಕರೆಂಟು. ಮೈಕಿನ ಕಡೆ ಅರ್ಥಿಂಗ್ ಕೆಟ್ಟಿದ್ದರೂ ಗತಿ ಅದೇ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸೀಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರಿಸ್ಟ್ ಸ್ಟೇಜಿನ ಮೇಲೇ ಸತ್ತದ್ದು ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ. ಮಳೆಗಾಲದ ಪೆಂಡಾಲು, ಒದ್ದೆ ನೆಲ, ಜನರೇಟರ್ ನೆನೆದರೆ ನಮಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಪೆಡಲಿನ ಪವರ್ ಸಪ್ಲೈ ಎಷ್ಟೇ ಒಳ್ಳೆಯದಿದ್ದರೂ ಈ ಸಾವನ್ನು ತಡೆಯುವುದಿಲ್ಲ. ಅದು ಪಿನ್ ಕೀಳುವ ನೆಪವನ್ನು ತಪ್ಪಿಸುತ್ತದೆ, ಅಷ್ಟೇ. ಆಮೇಲೂ ಸದ್ದು ಉಳಿದರೆ ಆಂಪ್ಲಿಫೈಯರ್ ಮತ್ತು ಮಿಕ್ಸರ್ ನಡುವೆ ಡಿಐ ಬಾಕ್ಸ್ ಹಾಕಿ, ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ.

ಈ ಸಲ ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಕಮಿಟಿಯವರಿಗೆ ಅರ್ಥಿಂಗ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು ಅನ್ನುತ್ತಿದ್ದೇವೆ. ಕೆಲವರು ನಗುತ್ತಾರೆ, ನಗಲಿ. ನಮ್ಮ ಗಿಟಾರಿಸ್ಟ್ ಆರು ಔಟ್‌ಪುಟ್ಟಿನ ಐಸೊಲೇಟೆಡ್ ಪೆಟ್ಟಿಗೆಯೊಂದನ್ನು ನೋಡಿಟ್ಟಿದ್ದಾನೆ. ಅವನ ಪಾಲಿನ ಎರಡು ಕಾರ್ಯಕ್ರಮದ ದುಡ್ಡು. ಅರ್ಧ ತಂಡದ ಖಾತೆಯಿಂದ ಕೊಡೋಣವೆಂದು ಮಾತಾಗಿದೆ.