ಬದಲಿ ಬ್ಯಾಟರಿ

ಹೊಸ ವಸ್ತುವನ್ನು ಕೊಳ್ಳುವಾಗ ಗೃಹಸ್ಥನಿಗಿರುವ ಉತ್ಸಾಹವು, ಇದ್ದ ವಸ್ತುವಿನ ಸವೆದ ಅಂಗಕ್ಕೆ ಬದಲು ತರುವಾಗ ಇರುವುದಿಲ್ಲ. ಮೋಟಾರು ಸೈಕಲು ಮನೆಗೆ ಬಂದ ದಿನ ಹೂವಿನ ಹಾರವೇನು, ಕುಂಕುಮವೇನು, ಚಕ್ರದ ಕೆಳಗೆ ನಿಂಬೆಹಣ್ಣೇನು! ಮೂರು ನಾಲ್ಕು ವರ್ಷಗಳ ತರುವಾಯ ಅದೇ ಗಾಡಿಯು ಒಂದು ಬೆಳಿಗ್ಗೆ ಗುಂಡಿಯನ್ನೊತ್ತಿದರೆ ‘ಟಿಕ್’ ಎಂದು ಸುಮ್ಮನಾದಾಗ ಮನೆಯವರಿಗೆ ಹುಟ್ಟುವುದು ಬೇಸರವೊಂದೇ. ಆದರೂ ಯೋಚಿಸಿ ನೋಡಿದರೆ, ಮನುಷ್ಯನ ವಿವೇಕಕ್ಕೆ ಹೆಚ್ಚಿನ ಕೆಲಸವಿರುವುದು ಈ ಎರಡನೆಯ ಸಂದರ್ಭದಲ್ಲಿಯೇ ಎಂಬುದು ತಿಳಿಯುವುದು.

ಮೈಸೂರಿನಲ್ಲಿ ಎರಡು ತಲೆಮಾರಿನ ಗಾಡಿಗಳು ಒಂದೇ ಅಂಗಳದಲ್ಲಿ ನಿಂತಿರುವ ಮನೆಗಳು ಇಂದಿಗೂ ಉಂಟು. ಆ ಊರಿನ ಯಾದವಗಿರಿಯಲ್ಲಿ 1961ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿಹೋಯಿತು. ಆದರೆ ಅಲ್ಲಿ ತಯಾರಾದ ಗಾಡಿಗಳು ತಮ್ಮ ಒಡೆಯರನ್ನು ಬಿಟ್ಟಿಲ್ಲ, ಒಡೆಯರೂ ಅವುಗಳನ್ನು ಬಿಟ್ಟಿಲ್ಲ. ಅಂಥ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಯಜಮಾನರು ವಿಶ್ರಾಂತಿವೇತನದ ಮೇಲಿರುವ ಉಪಾಧ್ಯಾಯರು. ಅವರದು ಅರುವತ್ತರ ದಶಕದ ಜಾವಾ. ಮಗಳು ಆಸ್ಪತ್ರೆಯಲ್ಲಿ ದಾದಿ. ಅವಳದು ಹೊಸ ಕಾಲದ ಮೋಟಾರು ಸೈಕಲು. ಒಂದೇ ತಿಂಗಳಲ್ಲಿ ಎರಡು ಗಾಡಿಗಳ ಬ್ಯಾಟರಿಗಳೂ ಕೈಕೊಟ್ಟವು. ಆ ತಿಂಗಳ ಖರ್ಚುಗಳೆಲ್ಲ ಕಳೆದು ಮಿಕ್ಕ ಹಣವಾದರೋ ಒಂದು ಒಳ್ಳೆಯ ಬ್ಯಾಟರಿಗೆ, ಇಲ್ಲವೇ ಎರಡು ಸಾಧಾರಣ ಬ್ಯಾಟರಿಗಳಿಗೆ ಸಾಲುವಂತಿತ್ತು.

ಬ್ಯಾಟರಿ ಎಂಬುದರ ಸ್ವರೂಪವನ್ನರಿಯದೆ ಅದನ್ನು ಆರಿಸಲಾಗದು. ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ವಿದ್ಯುತ್ತನ್ನು ಕೂಡಿಡುವ ಉಪಾಯವನ್ನು 1859ರಲ್ಲಿ ಕಂಡುಹಿಡಿದವನು ಫ್ರಾನ್ಸಿನ ಗಾಸ್ತೊಂ ಪ್ಲಾಂತೆ. 1881ರಲ್ಲಿ ಅದೇ ದೇಶದ ಕಮೀಲ್ ಫೋರ್ ಎಂಬವನು ಫಲಕಗಳಿಗೆ ಸೀಸದ ಸಂಯುಕ್ತವನ್ನು ಲೇಪಿಸಿ ಅದನ್ನು ವ್ಯವಹಾರಯೋಗ್ಯವಾಗಿ ಮಾಡಿದನು. ಇದರ ಒಂದೊಂದು ಕೋಶವೂ ಸುಮಾರು 2 ವೋಲ್ಟ್ ಕೊಡುತ್ತದೆ. ಮೂರು ಕೋಶ ಸೇರಿದರೆ 6 ವೋಲ್ಟ್, ಆರು ಸೇರಿದರೆ 12 ವೋಲ್ಟ್. ಹಳೆಯ ಜಾವಾಕ್ಕೆ ಬೇಕಾದುದು 6. ಮಗಳ ಗಾಡಿಗೆ ಬೇಕಾದುದು 12.

ಕೆರೆಯನ್ನು ಬಲ್ಲವರಿಗೆ ಬ್ಯಾಟರಿಯ ಅಂಕಿಗಳು ಕಷ್ಟವಲ್ಲ. ವೋಲ್ಟ್ ಎಂಬುದು ನೀರು ನಿಂತಿರುವ ಎತ್ತರ. ಆಂಪಿಯರ್-ಅವರ್ ಎಂಬುದು ಕೆರೆಯಲ್ಲಿರುವ ನೀರಿನ ಮೊತ್ತ. ಇಂಜಿನನ್ನು ತಿರುಗಿಸುವಾಗ ಒಮ್ಮೆಗೆ ಹೊರಬೀಳುವ ಪ್ರವಾಹವು ತೂಬಿನ ಅಗಲ. ಮುದಿಯಾದ ಬ್ಯಾಟರಿಯಲ್ಲಿ ಎತ್ತರವು ಸರಿಯಾಗಿಯೇ ತೋರಬಹುದು, ಆದರೆ ಹೂಳು ತುಂಬಿ ನೀರು ಕಡಮೆಯಾಗಿರುತ್ತದೆ. ಹೊರೆಯಿಲ್ಲದಾಗ 12 ವೋಲ್ಟನ್ನು ಮೀರಿ ತೋರಿಸುವ ಬ್ಯಾಟರಿಯು ಗುಂಡಿಯನ್ನೊತ್ತಿದೊಡನೆ ಕುಸಿದುಬೀಳುವುದು ಇದರಿಂದಲೇ.

ಆದುದರಿಂದ ಅಂಗಡಿಗೆ ಹೋಗುವುದಕ್ಕೆ ಮೊದಲು ಕೇಳತಕ್ಕ ಪ್ರಶ್ನೆಯೊಂದಿದೆ: ದೋಷವು ನಿಜವಾಗಿ ಬ್ಯಾಟರಿಯದೆಯೆ? ತಂತಿಯ ತುದಿ ಸಡಿಲವಾಗಿದ್ದರೂ, ಅಲ್ಲಿ ಬಿಳಿಯ ಕಿಲುಬು ಕಟ್ಟಿದ್ದರೂ, ಫ್ಯೂಜು ಸುಟ್ಟಿದ್ದರೂ ಗಾಡಿಯು ಹಾಗೆಯೇ ಮೌನ ಹಿಡಿಯುತ್ತದೆ. ಪೂರ್ಣ ಚಾರ್ಜಾಗಿ ಕೆಲವು ಗಂಟೆ ವಿಶ್ರಮಿಸಿದ 12 ವೋಲ್ಟಿನ ಸೀಸದ ಬ್ಯಾಟರಿಯು ಸುಮಾರು 12.6ಕ್ಕೆ ಕಡಮೆಯಿಲ್ಲದೆ ತೋರಬೇಕು. ಇಂಜಿನು ಓಡುತ್ತಿರುವಾಗ ಮಾಪಕವು ಸುಮಾರು 14ಕ್ಕೆ ಏರಬೇಕು. ಏರದಿದ್ದರೆ ಚಾರ್ಜು ಮಾಡುವ ಭಾಗವೇ ಕೆಟ್ಟಿದೆಯೆಂದು ತಿಳಿಯಬೇಕು. ಅದನ್ನು ಸರಿಪಡಿಸದೆ ಹೊಸ ಬ್ಯಾಟರಿ ಹಾಕಿದವನು ಒಡೆದ ಕಾಲುವೆಯನ್ನು ಕಟ್ಟದೆ ಕೆರೆಯನ್ನು ಹೊಸದಾಗಿ ತೋಡಿಸಿದವನಂತೆ. ಕೆಲವೇ ದಿನಗಳಲ್ಲಿ ಹೊಸದೂ ಹಳೆಯದರ ಹಾದಿಯನ್ನು ಹಿಡಿಯುವುದು. ಉಪಾಧ್ಯಾಯರು ಎರಡು ಗಾಡಿಗಳನ್ನೂ ಹೀಗೆ ಪರೀಕ್ಷಿಸಿಸಿದರು. ಎರಡರಲ್ಲಿಯೂ ದೋಷವು ಬ್ಯಾಟರಿಯದೇ ಆಗಿತ್ತು.

ಆಯ್ಕೆಯಲ್ಲಿ ವೋಲ್ಟ್ ವಿಷಯಕ್ಕೆ ರಾಜಿಯಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳು ಗಾಡಿಯ ಗೂಡಿಗೆ ಒಪ್ಪಬೇಕು. ಧನ, ಋಣ ತುದಿಗಳು ಮೊದಲಿದ್ದ ಪಕ್ಕಗಳಲ್ಲಿಯೇ ಇರಬೇಕು. ಇಲ್ಲವಾದರೆ ತಂತಿಯನ್ನು ಎಳೆದು ತಿರುಚಿ ಸೇರಿಸುವ ಪ್ರಸಂಗ ಬಂದು ಅಪಾಯವಾಗುತ್ತದೆ. ಇನ್ನು ಆಂಪಿಯರ್-ಅವರ್ ಅಂಕಿಯಲ್ಲಿ ‘ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂಬ ಭ್ರಮೆ ಬಹಳ ಮಂದಿಗುಂಟು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಇಲ್ಲಿಗೂ ಸಲ್ಲುತ್ತದೆ. ಹಳೆಯ ಜಾವಾದ ಡೈನಮೊ ಕೇವಲ 45 ವಾಟ್‌ನದು. ದೀಪಕ್ಕೂ ಕಿಡಿಗೂ ಕೊಟ್ಟು ಮಿಕ್ಕಿದ ಅಲ್ಪದಿಂದಲೇ ಅದು ಬ್ಯಾಟರಿಯನ್ನು ತುಂಬಬೇಕು. ದೊಡ್ಡದನ್ನು ಕೂರಿಸಿದರೆ, ಒಮ್ಮೆ ಬರಿದಾದ ಮೇಲೆ ಅದು ತುಂಬುವುದು ತಡವಾಗಿ ಅರೆಹೊಟ್ಟೆಯಲ್ಲಿಯೇ ಉಳಿಯಬಹುದು. ಅರೆಹೊಟ್ಟೆಯಲ್ಲಿರುವ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಹರಳುಗಟ್ಟಿ ಅವುಗಳ ಆಯುಸ್ಸನ್ನು ತಿನ್ನುತ್ತದೆ. ಕಾರ್ಖಾನೆಯವರು ಗಾಡಿಯ ಪುಸ್ತಕದಲ್ಲಿ ಬರೆದ ಅಂಕಿಗೆ ನಿಲ್ಲುವುದೇ ಲೇಸು.

ಜಾತಿಗಳ ವಿಷಯವನ್ನೂ ತಿಳಿದಿರಬೇಕು. ಆಮ್ಲವನ್ನು ಸುರಿದು ತುಂಬುವ ಹಳೆಯ ಬಗೆಯದು ಅಗ್ಗ. ಆದರೆ ಆಗಾಗ್ಗೆ ಬಟ್ಟಿಯಿಳಿಸಿದ ನೀರನ್ನು ಹಾಕುತ್ತಿರಬೇಕು, ಅದರ ಗಾಳಿಕೊಳವೆ ಮಡಚಿ ಮುಚ್ಚದಂತೆ ನೋಡಿಕೊಳ್ಳಬೇಕು. ಆಮ್ಲವನ್ನು ಗಾಜಿನ ನಾರಿನ ಹಾಸಿಗೆ ಹೀರಿಸಿ ಮುಚ್ಚಿದ ಬಗೆಯದಕ್ಕೆ ನೀರಿನ ಚಿಂತೆಯಿಲ್ಲ, ಬೆಲೆ ಹೆಚ್ಚು. ಲಿಥಿಯಂ ಬ್ಯಾಟರಿಯು ಬಹಳ ಹಗುರ. ಆದರೆ ಅದರ ಬೆಲೆ ಇನ್ನೂ ಹೆಚ್ಚು, ಗಾಡಿಯ ಚಾರ್ಜು ವ್ಯವಸ್ಥೆಯು ಅದಕ್ಕೆ ಹೊಂದದಿದ್ದರೆ ಲಾಭಕ್ಕಿಂತ ಹಾನಿಯೇ ಅಧಿಕ.

ಇಷ್ಟೆಲ್ಲ ತಿಳಿದ ಮೇಲೆಯೂ ಉಪಾಧ್ಯಾಯರ ಮುಂದೆ ಮೊದಲಿನ ಪ್ರಶ್ನೆಯೇ ನಿಂತಿತ್ತು: ಯಾವ ಗಾಡಿಗೆ? ಜಾವಾ ಅವರ ಯೌವನದ ಸಂಗಾತಿ. ಮಡದಿಯನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿಬೆಟ್ಟವನ್ನು ಹತ್ತಿದ ಗಾಡಿ. ಈಗ ಆಕೆಯಿಲ್ಲ, ಗಾಡಿಯಿದೆ. ಮಗಳು ಅದನ್ನು ಬಲ್ಲವಳಾದುದರಿಂದ, “ಅಪ್ಪ, ನಿಮ್ಮ ಜಾವಾಕ್ಕೇ ಮೊದಲು ಹಾಕಿಸಿ, ನಾನು ಒಂದು ತಿಂಗಳು ಬಸ್ಸಿನಲ್ಲಿ ಹೋಗಿಬರುತ್ತೇನೆ” ಎಂದಳು. ಎರಡಕ್ಕೂ ಅಗ್ಗದವನ್ನು ಹಾಕಿಸಿ ಸಮಾಧಾನಪಡುವ ದಾರಿಯೂ ಇತ್ತು. ಆದರೆ 2020ರ ಏಪ್ರಿಲಿನಲ್ಲಿ ಜಾರಿಗೆ ಬಂದ ಹೊಗೆಯ ಕಟ್ಟಳೆಯ ತರುವಾಯ ತಯಾರಾದ ಮೋಟಾರು ಸೈಕಲುಗಳಲ್ಲಿ ಬಹುಪಾಲಿನವು ಪೆಟ್ರೋಲನ್ನು ವಿದ್ಯುತ್ತಿನ ಆಜ್ಞೆಯಿಂದಲೇ ಇಂಜಿನಿಗೆ ಚಿಮ್ಮಿಸುತ್ತವೆ. ಎಷ್ಟೋ ಗಾಡಿಗಳಿಗೆ ಒದೆಯುವ ಕಿಕ್ಕರ್ ಕೂಡ ಇಲ್ಲ. ಮಗಳದೂ ಅಂಥದೇ. ಅದರ ಬ್ಯಾಟರಿ ಸೋತರೆ ಗಾಡಿಯೇ ಸೋತಂತೆ. ಉಪಾಧ್ಯಾಯರು ಎಂದರು: “ನನಗೆ ಹಗಲು ಹೊತ್ತು, ಜೊತೆಗೆ ಸೈಕಲ್ಲು ಇದೆಯಮ್ಮ. ರಾತ್ರಿ ಪಾಳಿ ಮುಗಿಸಿ ಬರುವಾಗ ರಸ್ತೆಯಲ್ಲಿ ನಿನಗೇನಿದೆ?”

ಒಳ್ಳೆಯ ಬ್ಯಾಟರಿಯು ಮಗಳ ಗಾಡಿಗೆ ಸಂದಿತು. ಜಾವಾ ಎರಡು ತಿಂಗಳು ಗೋಣಿಯ ಮುಸುಕಿನಲ್ಲಿ ಕಾದುಕೊಂಡಿತು. ಪ್ರೀತಿಗೂ ಅವಶ್ಯಕತೆಗೂ ಜಗಳ ಬಂದಾಗ ಪ್ರೀತಿಯನ್ನು ಕಾಯಿಸುವುದು ಪ್ರೀತಿಗೆ ಅವಮಾನವಲ್ಲ. ಕಾಯುವ ಶಕ್ತಿಯಿರುವುದು ಅದಕ್ಕೇ.

ಅಂಗಡಿಯಲ್ಲಿ ಅವರು ಮೊದಲು ಕೇಳಿದುದು ತಯಾರಾದ ತಿಂಗಳನ್ನು. ಸೀಸದ ಬ್ಯಾಟರಿಯು ಕಪಾಟಿನಲ್ಲಿ ಕುಳಿತೇ ಸೊರಗುವ ವಸ್ತುವಾದುದರಿಂದ, ಬೆಲೆಯ ಚೀಟಿಗಿಂತ ದಿನಾಂಕದ ಮುದ್ರೆಗೆ ಹೆಚ್ಚಿನ ಗೌರವ ಸಲ್ಲಬೇಕು. ಜಾವಾಕ್ಕೆ ಮುಂದೆ ತಂದ ಆಮ್ಲ ಸುರಿಯುವ ಬಗೆಯದನ್ನು, ಆಮ್ಲ ತುಂಬಿ ಅರ್ಧ ಗಂಟೆಯಾದರೂ ನೆನೆಯಲು ಬಿಟ್ಟು, ಅದರ ಆಂಪಿಯರ್-ಅವರಿನ ಹತ್ತರಲ್ಲೊಂದು ಭಾಗದಷ್ಟು ಮೆಲ್ಲನೆಯ ಪ್ರವಾಹದಲ್ಲಿ ಮೊದಲ ಚಾರ್ಜು ಮಾಡಿಸಿದರು. ಗಿರಾಕಿಯ ಅವಸರವೂ ಅಂಗಡಿಯವನ ಅವಸರವೂ ಕೂಡಿದರೆ ಕೆಡುವುದು ಈ ಮೊದಲ ಚಾರ್ಜೇ. ಅಲ್ಲಿ ಕಳೆದುಕೊಂಡ ಆಯುಸ್ಸು ತರುವಾಯ ಸುಲಭವಾಗಿ ಮರಳದು.

ಹಳೆಯ ಬ್ಯಾಟರಿಗಳ ವಿಷಯದಲ್ಲಿಯೂ ಗೃಹಸ್ಥನಿಗೆ ಒಂದು ಕರ್ತವ್ಯವಿದೆ. ಗುಜರಿಯವನು ನಾಲ್ಕು ಕಾಸು ಹೆಚ್ಚು ಕೊಡಬಹುದು. ಆದರೆ ಹಿತ್ತಿಲುಗಳಲ್ಲಿ ಅವುಗಳನ್ನೊಡೆದು, ಆಮ್ಲವನ್ನು ಚರಂಡಿಗೆ ಚೆಲ್ಲಿ, ಸೀಸವನ್ನು ತೆರೆದ ಬೆಂಕಿಯಲ್ಲಿ ಕರಗಿಸುವವರುಂಟು. ಆ ಹೊಗೆ ಮತ್ತು ಧೂಳು ಮೊದಲು ಸೇರುವುದು ಆ ಬೀದಿಯ ಮಕ್ಕಳ ದೇಹವನ್ನು. ಸೀಸವು ಎಳೆಯ ಮಿದುಳನ್ನು ಕೆಡಿಸುವ ವಿಷ. ಭಾರತದಲ್ಲಿ 2001ರ ಬ್ಯಾಟರಿ ನಿಯಮಗಳ ಕಾಲದಿಂದಲೂ, ಅವುಗಳ ಸ್ಥಾನದಲ್ಲಿ ಬಂದ 2022ರ ನಿಯಮಗಳಲ್ಲಿಯೂ, ಸವೆದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಕ್ರಮವಾಗಿ ಮರುಬಳಕೆಗೆ ಸಾಗಿಸುವ ಏರ್ಪಾಡು ವಿಧಿಸಲ್ಪಟ್ಟಿದೆ. ಮಕ್ಕಳಿಗೆ ಪಾಠ ಹೇಳಿ ಬಾಳಿದ ಉಪಾಧ್ಯಾಯರು ಎರಡನ್ನೂ ಅಂಗಡಿಗೇ ಒಪ್ಪಿಸಿ, ಬೆಲೆಯಲ್ಲಿ ಸೋಡಿಯನ್ನೂ ಕೈಯಲ್ಲಿ ರಶೀದಿಯನ್ನೂ ಪಡೆದರು.

ಮನೆಯ ಲೆಕ್ಕದ ಪುಸ್ತಕದಲ್ಲಿ ಅವರು ಎರಡು ಸಾಲುಗಳನ್ನು ಬರೆದಿಟ್ಟಿದ್ದಾರೆ: ಯಾವ ಬ್ಯಾಟರಿಯನ್ನು ಯಾವ ದಿನ ಕೂರಿಸಿದ್ದು, ನೀರನ್ನು ಯಾವ ದಿನ ನೋಡತಕ್ಕದ್ದು. ಮೊದಲನೆಯ ಸಾಲು ಮಗಳ ಗಾಡಿಯದು.