ಕೊಡಚಾದ್ರಿಯ ದಾರಿ ಕಲಿಸಿದ ಪಾಠ

ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಗೆ ಪ್ರವಾಸ ಹೊರಡುವ ನಮ್ಮ ಬಯಲುಸೀಮೆಯ ಕುಟುಂಬಗಳು ಸಾಮಾನ್ಯವಾಗಿ ಕೊಲ್ಲೂರಿನಲ್ಲಿ ಮೂಕಾಂಬಿಕೆಯ ದರ್ಶನ ಪಡೆದು, ಮರವಂತೆಯ ಕಡಲನ್ನು ಕಣ್ತುಂಬ ನೋಡಿ ಹಿಂದಿರುಗುವುದು ರೂಢಿ. ನಾವೂ ಕಳೆದ ಡಿಸೆಂಬರಿನಲ್ಲಿ ಅದೇ ಉದ್ದೇಶದಿಂದ ದಾವಣಗೆರೆಯಿಂದ ಹೊರಟೆವು. ಊರಿಗೆ ಮರಳಿದ ಮೇಲೂ ನನ್ನ ಮನಸ್ಸಿನಲ್ಲಿ ಉಳಿದಿರುವುದು ಬಣ್ಣ ಮಾಸಿದ ಒಂದು ಹಳೆಯ ಜೀಪು.

ಬ್ರಹ್ಮಾವರದ ಸಮೀಪ ನನ್ನ ಅಕ್ಕನ ಮನೆ. ಭಾವನವರು ಬ್ಯಾಂಕಿನ ನೌಕರಿಗಾಗಿ ಕರಾವಳಿಗೆ ಬಂದವರು, ನಿವೃತ್ತರಾದ ಮೇಲೆ ಚಿಕ್ಕದೊಂದು ತೆಂಗು-ಅಡಿಕೆ ತೋಟ ಮಾಡಿಕೊಂಡು ಅಲ್ಲಿಯೇ ನೆಲೆಸಿದ್ದಾರೆ. ತೋಟದ ಮನೆಗೆ ಹೋಗುವ ದಾರಿ ಕೆಂಪುಮಣ್ಣಿನದು. ಮಳೆಗಾಲದಲ್ಲಿ ಅದು ಕೆಸರಿನ ಹೊಂಡವಾಗುತ್ತದೆ. ಎರಡು ವರ್ಷಗಳ ಹಿಂದೆ ಆಷಾಢದ ಒಂದು ರಾತ್ರಿ ಅಕ್ಕನಿಗೆ ಜ್ವರವೇರಿ ಪ್ರಜ್ಞೆ ತಪ್ಪಿದಾಗ, ಕರೆಸಿದ ಬಾಡಿಗೆ ಕಾರು ತೋಟದ ಬಾಗಿಲವರೆಗೆ ಬರಲಾರದೆ ನಿಂತಿತು. ನೆರೆಮನೆಯವರ ಹಳೆಯ ಜೀಪು ಆಕೆಯನ್ನು ಆಸ್ಪತ್ರೆಗೆ ಮುಟ್ಟಿಸಿತು. ಅಂದೇ ಭಾವನವರು, ಮನೆಗೆ ಅಂಥದೊಂದು ವಾಹನ ಬೇಕೆಂದು ನಿಶ್ಚಯಿಸಿದರು. ನಿವೃತ್ತಿಯ ಹಣದಲ್ಲಿ ಮುಂಗಡ ಕೊಟ್ಟರು. ಉಳಿದುದಕ್ಕೆ ಮಗ, ನನ್ನ ಸೋದರಳಿಯ, ಸಾಲದ ಕಂತು ಹೊತ್ತನು. ಹೀಗೆ ಜೀಪಿನ ರೂಪದ ಹೊಸ ವಾಹನವೊಂದು ಅಂಗಳಕ್ಕೆ ಬಂದಿತ್ತು. ಅಗಲವಾದ ಚಕ್ರಗಳು, ಎತ್ತರದ ಮೈಕಟ್ಟು, ಒಳಗೆ ಮೆತ್ತನೆಯ ಆಸನ, ತಂಪು ಗಾಳಿ, ದೊಡ್ಡ ಪರದೆ. ಅದರಲ್ಲಿಯೇ ನಮ್ಮ ಪ್ರಯಾಣ.

ಸಾಲಿಗ್ರಾಮ, ಕೋಟ, ಕೋಟೇಶ್ವರಗಳನ್ನು ದಾಟಿ ಕುಂದಾಪುರ ಸೇರಿದೆವು. ಹೆಮ್ಮಾಡಿಯಲ್ಲಿ ಹೆದ್ದಾರಿಯನ್ನು ಬಿಟ್ಟು ವಂಡ್ಸೆಯ ಮಾರ್ಗವಾಗಿ ಪೂರ್ವಕ್ಕೆ ತಿರುಗಿದರೆ ಗದ್ದೆಗಳು ಹಿಂದೆ ಸರಿದು ಕಾಡು ಎದುರಾಗುತ್ತದೆ. ಜಡ್ಕಲ್, ಮುದೂರು ಕಡೆಯ ಗುಡ್ಡಗಳಲ್ಲಿ ರಬ್ಬರ್ ತೋಟಗಳಿವೆ. ಇಂತಹ ಒಳನಾಡಿನಲ್ಲಿ ಜೀಪೆಂದರೆ ಮನೆಯ ಎತ್ತಿದ್ದಂತೆ. ಅಡಿಕೆಯ ಮೂಟೆ, ರಬ್ಬರ್ ಹಾಳೆ, ಗೊಬ್ಬರ, ಮದುವೆಯ ದಿಬ್ಬಣ, ಬಾಣಂತಿ, ರೋಗಿ, ಎಲ್ಲರನ್ನೂ ಎಲ್ಲವನ್ನೂ ಅದು ಹೊತ್ತಿದೆ.

ಎತ್ತಿನ ಮಾತು ಸುಮ್ಮನೆ ಬಂದುದಲ್ಲ. ಘಟ್ಟದ ಮೇಲಿನ ಬಿದನೂರಿನಿಂದ ಆಳಿದ ಕೆಳದಿಯ ವೀರಶೈವ ಅರಸರ ಕಾಲದಲ್ಲಿ ಬಸರೂರು, ಕುಂದಾಪುರ ಹೆಸರಾದ ಬಂದರುಗಳಾಗಿದ್ದವು. ಶಿವಪ್ಪ ನಾಯಕನ ಆಳ್ವಿಕೆ (1645–1660) ಈ ತೀರದವರೆಗೂ ಹಬ್ಬಿತ್ತು. ಅಂದು ಮೆಣಸು, ಅಕ್ಕಿ ಮೊದಲಾದ ಸರಕು ಹೇರೆತ್ತುಗಳ ಬೆನ್ನೇರಿ ಘಟ್ಟ ಇಳಿಯುತ್ತಿತ್ತು. ಹೇರೆತ್ತನ್ನು ಯಾರೂ ಅದರ ಕೋಡಿನ ಅಂದಕ್ಕಾಗಿ ಕೊಳ್ಳುತ್ತಿರಲಿಲ್ಲ. ಬೆನ್ನಿನ ಬಲ, ಗೊರಸಿನ ಗಟ್ಟಿತನ ನೋಡುತ್ತಿದ್ದರು.

ಕೊಲ್ಲೂರಿನಲ್ಲಿ ದರ್ಶನ ಮುಗಿಸಿ ಕೊಡಚಾದ್ರಿಗೆ ಹೋಗುವ ಮಾತು ಬಂತು. 1,343 ಮೀಟರ್ ಎತ್ತರದ ಆ ಶಿಖರವು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿಗೆ ಸೇರಿದ್ದು. ಕೊಲ್ಲೂರಿನಿಂದ ಬಾಡಿಗೆ ಜೀಪುಗಳು ನಾಗೋಡಿ ಘಟ್ಟವನ್ನೇರಿ, ಕಟ್ಟಿನಹೊಳೆಯ ಮಾರ್ಗವಾಗಿ ಯಾತ್ರಿಕರನ್ನು ಕರೆದೊಯ್ಯುತ್ತವೆ. ನಮ್ಮ ವಾಹನದಲ್ಲಿಯೇ ಹೋಗೋಣವೆಂದು ನಾನೆಂದೆ. ಅಳಿಯ ತಲೆ ತಗ್ಗಿಸಿ, “ಬೇಡ ಮಾವ, ಜೀಪಿನಲ್ಲಿಯೇ ಹೋಗೋಣ” ಎಂದನು. “ಇಷ್ಟು ದೊಡ್ಡ ಗಾಡಿಗೆ ಬೆಟ್ಟ ಹತ್ತಲು ಬರುವುದಿಲ್ಲವೇನಪ್ಪಾ?” ಎಂದು ನನ್ನ ತಾಯಿ ಮೊಮ್ಮಗನನ್ನು ಮುಗ್ಧವಾಗಿ ಕೇಳಿದರು. ಅವನು ಉತ್ತರಿಸಲಿಲ್ಲ. ಹೊಸ ಬಣ್ಣಕ್ಕೆ ಗೀರು ಬಿದ್ದೀತೆಂಬ ಅಂಜಿಕೆಯಿರಬೇಕೆಂದು ನಾನು ಭಾವಿಸಿದೆ.

ಕಟ್ಟಿನಹೊಳೆಯನ್ನು ದಾಟಿದ ಮೇಲೆ ನಿಜವಾದ ಪರೀಕ್ಷೆ ಆರಂಭವಾಯಿತು. “ಅಮ್ಮಾ, ಗಟ್ಟಿ ಹಿಡ್ಕಣಿ. ರಸ್ತೆ ಅಂಬ್ದ್ ಇಲ್ಲಿಗೆ ಮುಗೀತ್” ಎಂದು ಚಾಲಕರು ಕುಂದಾಪುರದ ಕನ್ನಡದಲ್ಲಿ ಎಚ್ಚರಿಸಿ, ಗೇರಿನ ಪಕ್ಕದ ಇನ್ನೊಂದು ಚಿಕ್ಕ ಕೋಲನ್ನು ಎಳೆದರು. ಜೀಪಿನ ಗುಟ್ಟೆಲ್ಲ ಆ ಕೋಲಿನಲ್ಲಿದೆ. ಅದನ್ನು ಎಳೆದಾಗ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳ ಜೊತೆಗೆ ಮುಂದಿನವಕ್ಕೂ ಹರಿಯುತ್ತದೆ. ಲೋ ಗೇರಿಗೆ ಹಾಕಿದರೆ ಚಕ್ರ ನಿಧಾನವಾಗಿ ತಿರುಗುತ್ತದೆ. ಬಲವೋ ಇಮ್ಮಡಿಗೂ ಮಿಗಿಲಾಗುತ್ತದೆ. ಇಳಿಜಾರಿನಲ್ಲಿ ಎಂಜಿನ್ನೇ ಹಿಡಿದು ನಿಲ್ಲಿಸುವುದರಿಂದ ಬ್ರೇಕಿನ ಮೇಲೆ ಭಾರ ಕಡಿಮೆ. ಕೊರಕಲು, ಬಂಡೆ, ಉರುಳುಗಲ್ಲುಗಳ ನಡುವೆ ಜೀಪು ಆಮೆಯಂತೆ, ಆದರೆ ಎಲ್ಲಿಯೂ ನಿಲ್ಲದೆ ಏರಿತು.

ಮೂಲ ಮೂಕಾಂಬಿಕೆಯ ಗುಡಿಯ ಬಳಿ ಜೀಪು ನಿಂತಿತು. ತಾಯಿ ಅಲ್ಲಿಯೇ ಕುಳಿತರು. ಅಳಿಯನೂ ನಾನೂ ಸರ್ವಜ್ಞ ಪೀಠದ ಕಡೆಗೆ ಕಾಲುದಾರಿ ಹಿಡಿದೆವು. ಅರ್ಧ ಏರಿದ ಮೇಲೆ ಅವನು ತಾನಾಗಿ ಬಾಯಿಬಿಟ್ಟನು: “ಮಾವ, ನಮ್ಮ ಗಾಡಿ ಎರಡು ಚಕ್ರದ್ದು. ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ. ನಾಲ್ಕೂ ಚಕ್ರದ್ದಕ್ಕೆ ಕಂತು ಹೆಚ್ಚಾಗುತ್ತಿತ್ತು. ನೋಡುವುದಕ್ಕೆ ಎರಡೂ ಒಂದೇ ಎಂದು ಇದನ್ನೇ ತಂದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.”

ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಲೋಕದ ಮಾರುಕಟ್ಟೆಯೇ ಹಾಗೆ ಸಾಗಿದೆ. ಜೀಪು 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ್ದು. ಯುದ್ಧ ಮುಗಿದ ಮೇಲೆ ಅದನ್ನು ರೈತನ ವಾಹನವೆಂದು ಮಾರಿದರು. ಅದನ್ನು ಕಂಡು ಇಂಗ್ಲೆಂಡಿನವರು 1948ರಲ್ಲಿ ಹೊಲದ ಕೆಲಸಕ್ಕೆಂದೇ ಲ್ಯಾಂಡ್ ರೋವರನ್ನು ಹೊರತಂದರು. 1970ರಲ್ಲಿ ಅದೇ ಸಂಸ್ಥೆಯಿಂದ ರೇಂಜ್ ರೋವರ್ ಬಂತು, ಕ್ರಮೇಣ ಅದು ಸಿರಿವಂತರ ಗುರುತಾಯಿತು. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲಾರಂಭಿಸಿತು. ಬಹುಕಾಲ ಅದು ಸೈನ್ಯ, ಪೊಲೀಸು, ಅರಣ್ಯ ಇಲಾಖೆ ಮತ್ತು ತೋಟಗಾರರ ವಾಹನವಾಗಿತ್ತು. 2010ರಲ್ಲಿ ಬಂದ ಥಾರ್ ಕೂಡ ಹಿಂಬದಿಯಲ್ಲಿ ಎದುರುಬದುರು ಪಟ್ಟಿ ಆಸನಗಳಿದ್ದ ಜೀಪೇ.

2020ರ ಅಕ್ಟೋಬರ್ 2ರಂದು ಹೊಸ ಥಾರ್ ಬಿಡುಗಡೆಯಾದಾಗ ಆರಂಭದ ಬೆಲೆ 9.80 ಲಕ್ಷ ರೂಪಾಯಿ. ಸಾಹಸಕ್ಕೊಂದು, ಜೀವನಶೈಲಿಗೊಂದು ಎಂದು ಎರಡು ಸಾಲುಗಳಿದ್ದವು. ದಾನಕ್ಕಾಗಿ ಹರಾಜಿಗಿಟ್ಟ ಮೊದಲ ವಾಹನ 1.11 ಕೋಟಿ ರೂಪಾಯಿಗೆ ಹೋಯಿತು. ಆರು ಜನ ಕೂರುವ ಅಡ್ಡ ಆಸನದ ಮಾದರಿಯನ್ನು ಕೆಲವೇ ತಿಂಗಳಲ್ಲಿ ಕೈಬಿಡಲಾಯಿತು. ನಾಲ್ವರ ವಾಹನವೊಂದೇ ಉಳಿಯಿತು. 2023ರ ಜನವರಿಯಲ್ಲಿ ಹಿಂದಿನ ಚಕ್ರಗಳಿಂದ ಮಾತ್ರ ಓಡುವ ಥಾರ್ 9.99 ಲಕ್ಷಕ್ಕೆ ಬಂತು. ಇದರಲ್ಲಿ ಮೋಸವೇನೂ ಇಲ್ಲ. ಪೇಟೆಯ ಡಾಂಬರು ರಸ್ತೆಯಲ್ಲಿ ಓಡಾಡುವವನಿಗೆ ನಾಲ್ಕು ಚಕ್ರಗಳ ಬಲ ಬೇಕಾಗುವುದೇ ಅಪರೂಪ. ಹೊಸ ವಾಹನಗಳ ಸುರಕ್ಷತೆಯೂ ಹೆಚ್ಚಿದೆ. ಅಪಘಾತದಲ್ಲಿ ಅಡ್ಡ ಆಸನ ಅಪಾಯಕಾರಿ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೊಳ್ಳುವವನು ರೂಪವನ್ನು ಕಂಡು ಬಲವೂ ಒಳಗಿದೆಯೆಂದು ಭಾವಿಸಿದರೆ, ಮಳೆಗಾಲದ ರಾತ್ರಿ ಅದರ ಬೆಲೆ ತೆರಬೇಕಾಗುತ್ತದೆ.

ಇಳಿಯುವಾಗ ಚಾಲಕರನ್ನು ಮಾತನಾಡಿಸಿದೆ. “ಈ ಜೀಪು ಕೆಟ್ಟರೆ ಮುಂದೇನು?” ಎಂದು ಕೇಳಿದಾಗ ಅವರು ನಕ್ಕರು. ಇಡೀ ಕುಟುಂಬವನ್ನು ಒಂದೇ ಸಲಕ್ಕೆ ಹೊತ್ತು ಏರುವ ಗಾಡಿ ಹೊಸದರಲ್ಲಿ ಸಿಗುವುದು ಕಷ್ಟ, ನಾಲ್ಕು ಜನರನ್ನು ಕೂರಿಸಿಕೊಂಡರೆ ಬಾಡಿಗೆ ಗಿಟ್ಟದು, ಆದ್ದರಿಂದ ಹಳೆಯದನ್ನೇ ಮತ್ತೆ ಮತ್ತೆ ರಿಪೇರಿ ಮಾಡಿಸುತ್ತೇವೆ ಎಂದರು. ಬಲಗಾಡಿಯು ಭೋಗದ ವಸ್ತುವಾದಾಗ ನಷ್ಟವಾಗುವುದು ಮೊದಲು ಇಂಥವರಿಗೆ. ಅದನ್ನು ದುಡಿಮೆಗಾಗಿ ನಂಬಿದವರ ಕೈಗೆ ಅದು ಎಟುಕದೆ ಹೋಗುತ್ತದೆ.

ಮರುದಿನ ಬೈಂದೂರಿಗೆ ಇಳಿದು, ಉಪ್ಪುಂದ, ನಾವುಂದಗಳ ಮೂಲಕ ಮರವಂತೆಗೆ ಬಂದೆವು. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ. ನಮ್ಮ ಹೊಸ ವಾಹನ ಹೆದ್ದಾರಿಯಲ್ಲಿ ಹಂಸದಂತೆ ಸಾಗಿತು. ತಾಯಿ ಹಿಂದಿನ ಆಸನದಲ್ಲಿ ಸುಖವಾಗಿ ನಿದ್ರಿಸಿದರು. ಆ ಸುಖವೂ ಸುಳ್ಳಲ್ಲ.

ಅಂದು ರಾತ್ರಿ ಊಟವಾದ ಮೇಲೆ ಅಳಿಯ ತಂದೆಯ ಮುಂದೆ ಎಲ್ಲವನ್ನೂ ಹೇಳಿದನು. ಭಾವನವರು ಬಹಳ ಹೊತ್ತು ಮಾತನಾಡಲಿಲ್ಲ. ಅಕ್ಕ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಕೊನೆಗೆ ಅವರು, “ಗಾಡಿಯನ್ನು ಬದಲಿಸುವಷ್ಟು ಹಣ ನಮ್ಮಲ್ಲಿಲ್ಲ. ದಾರಿಯನ್ನಾದರೂ ಬದಲಿಸೋಣ. ಮಳೆಗೆ ಮೊದಲು ಕೆಂಪುಕಲ್ಲಿನ ಚೂರು ಹಾಸಿ ಗಟ್ಟಿ ಮಾಡಿದರಾಯಿತು. ನೀನೂ ಬುಟ್ಟಿ ಹಿಡಿಯಬೇಕು” ಎಂದರು.

ಓದುಗ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೆ. ಇಂದು ನಮ್ಮ ಮನೆಗಳ ಮಕ್ಕಳು ಇಂತಹ ವಾಹನಗಳನ್ನು ಆಸೆಪಡುವುದು ಸಹಜ. ಆಸೆಯನ್ನು ತಡೆಯಬೇಕಾಗಿಲ್ಲ. ಆದರೆ ಹಣ ಕಟ್ಟುವ ಮುನ್ನ, ಶಕ್ತಿ ಎಷ್ಟು ಚಕ್ರಗಳಿಗೆ ಹರಿಯುತ್ತದೆ, ಲೋ ಗೇರ್ ಇದೆಯೇ, ಎಷ್ಟು ಜನ ಕೂರಬಹುದು, ಹತ್ತಿರದಲ್ಲಿ ದುರಸ್ತಿ ಸಿಗುತ್ತದೆಯೇ ಎಂದು ಮನೆಯ ಹಿರಿಯರ ಎದುರಿನಲ್ಲಿಯೇ ಕೇಳಿ ತಿಳಿಯಲಿ. ಕಾಯಕಕ್ಕೆ ಬೇಕಾದುದು ಯಾವುದು, ಕಣ್ಣಿಗೆ ಬೇಕಾದುದು ಯಾವುದು ಎಂಬುದು ಆಗ ತಾನಾಗಿ ತಿಳಿಯುತ್ತದೆ.

ನಾವು ಹೊರಟ ಬೆಳಿಗ್ಗೆ ತೋಟದ ದಾರಿಯ ಬದಿಯಲ್ಲಿ ಮೊದಲ ಹೇರು ಕೆಂಪುಕಲ್ಲಿನ ಚೂರು ಬಂದು ಬಿದ್ದಿತ್ತು. ತಂದದ್ದು ನೆರೆಮನೆಯವರ ಹಳೆಯ ಜೀಪು.