ತಾತನ ಮನೆಯ ಬಿರುಕು

2020ರ ಮೇ 20ರಂದು ಬೆಂಗಳೂರಿನಿಂದ ಅಜ್ಜಿ ಫೋನ್ ಮಾಡಿದರು. "ಮಧ್ಯಾಹ್ನ ಢಂ ಅಂತ ಸದ್ದಾಯ್ತು ಕಣ್ರೋ! ಕಿಟಕಿಯೆಲ್ಲಾ ಗಡಗಡ ಅಂತು. ಭೂಕಂಪ ಅಂತ ಹೊರಗೆ ಓಡಿಬಂದ್ವಿ." ಅದು ಲಾಕ್‌ಡೌನ್ ಕಾಲ. ಊರಿಗೆ ಹೋಗುವಂತಿರಲಿಲ್ಲ. ನಮಗೆ ತುಂಬಾ ಗಾಬರಿಯಾಯಿತು.

ಅದು ವಾಯುಪಡೆಯ ಪರೀಕ್ಷಾ ವಿಮಾನದ 'ಸಾನಿಕ್ ಬೂಮ್' ಎಂದು ರಕ್ಷಣಾ ಇಲಾಖೆ ತಿಳಿಸಿತು. ಆದರೆ ತಾತನಿಗೆ ಹಾಲ್ ಗೋಡೆಯಲ್ಲಿ ಬಿರುಕು ಕಂಡಿತ್ತು. "ಇದು ವಿಮಾನದ್ದೇ ಕೆಲಸ!" ಎಂದರು. ನಿಜವೇ ಎಂದು ತಿಳಿಯಲು ನಾವು ಓದತೊಡಗಿದೆವು.

ವಿಮಾನವು ಶಬ್ದಕ್ಕಿಂತ ವೇಗವಾಗಿ ಹಾರಿದಾಗ ಗಾಳಿಯ ಒತ್ತಡ ಒಟ್ಟುಗೂಡಿ ಆಘಾತ ತರಂಗವಾಗುತ್ತದೆ. ಅದು ನೆಲ ಮುಟ್ಟಿದಾಗ ಒತ್ತಡ ತಟ್ಟನೆ ಏರಿ, ಕೂಡಲೇ ಇಳಿಯುತ್ತದೆ. ಎತ್ತರದಲ್ಲಿ ಹಾರುವ ವಿಮಾನದಿಂದ ಬರುವ ಹೆಚ್ಚುವರಿ ಒತ್ತಡ ಸಾಮಾನ್ಯವಾಗಿ ಚದರ ಅಡಿಗೆ 1ರಿಂದ 2 ಪೌಂಡ್ ಮಾತ್ರ. ಗಟ್ಟಿ ಗೋಡೆಗೆ ಅದರಿಂದ ಅಪಾಯವಿಲ್ಲ. ಸಡಿಲವಾದ ಗಾಜು, ಹಳೆಯ ಗಾರೆಗೆ ಪೆಟ್ಟು ಬೀಳಬಹುದು.

1964ರಲ್ಲಿ ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿ ಪರೀಕ್ಷೆಗೆಂದೇ ಆರು ತಿಂಗಳಲ್ಲಿ 1,253 ಬೂಮ್‌ಗಳನ್ನು ಉಂಟುಮಾಡಿದರು. ಮೊದಲ 14 ವಾರಗಳಲ್ಲೇ ಎರಡು ಎತ್ತರದ ಕಟ್ಟಡಗಳ 147 ಕಿಟಕಿಗಳು ಒಡೆದವು. ವಿಮಾನ ಕೆಳಗೆ ಹಾರಿದರೆ ಹೊಡೆತ ಇನ್ನೂ ಜೋರು. 2012ರಲ್ಲಿ ಬ್ರೆಜಿಲ್‌ನ ರಾಜಧಾನಿಯಲ್ಲಿ ಹೀಗೇ ಸುಪ್ರೀಂ ಕೋರ್ಟ್ ಕಟ್ಟಡದ ಗಾಜುಗಳು ಪುಡಿಯಾದವು.

ಆಮೇಲೆ ನಾವು ಹಳೆಯ ದೀಪಾವಳಿಯ ಫೋಟೋ ತೆಗೆದು ನೋಡಿದೆವು. ತಾತನ ಬೆನ್ನ ಹಿಂದೆ ಅದೇ ಬಿರುಕು! ಆ ಫೋಟೋವನ್ನು ಎಷ್ಟು ಸಲ ನೋಡಿದ್ದೆವು, ಗೋಡೆಯನ್ನು ಮಾತ್ರ ನೋಡಿರಲಿಲ್ಲ. ತಾತ ನಕ್ಕು, ಲಾಕ್‌ಡೌನ್ ಮುಗಿದ ಮೇಲೆ ಗಾರೆಯವರನ್ನು ಕರೆಸಿದರು. ಈಗ ಊರಿಗೆ ಹೋದಾಗಲೆಲ್ಲಾ ನಾವು ಮನೆಯ ಗೋಡೆಗಳನ್ನೂ ಒಮ್ಮೆ ನೋಡಿ ಬರುತ್ತೇವೆ.